ಹುರುಳಿ ಕಾಳಿನಷ್ಟು ಮೂಳೆ

ನನ್ನ ಬಾಯಿಯ ಕೊನೆಯ ಹಲ್ಲು ಹೋದಾಗ ನನಗಿನ್ನೂ ನಲವತ್ತು ತುಂಬಿರಲಿಲ್ಲ. ವಯಸ್ಸಾಗಿ ಬಿದ್ದದ್ದಲ್ಲ, ಯಾರೋ ಗುದ್ದಿ ಉದುರಿಸಿದ್ದೂ ಅಲ್ಲ. ಒಸಡಿನಲ್ಲಿ ಕೀವು ಸೇರಿ ಒಂದೊಂದೇ ಹಲ್ಲು ಅಲ್ಲಾಡತೊಡಗಿತು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಕೆಂಪಗೆ ಬೀಳುತ್ತಿತ್ತು. ಆಸ್ಪತ್ರೆಯ ಡಾಕ್ಟರು ನೋಡಿ, ಎಲ್ಲವನ್ನೂ ಕೀಳಿಸಿಬಿಡಿ, ಇಲ್ಲದಿದ್ದರೆ ಈ ನಂಜು ಮೈಗೆಲ್ಲ ಏರುತ್ತದೆ ಎಂದರು. ಆ ಕಾಲದಲ್ಲಿ ಡಾಕ್ಟರುಗಳೆಲ್ಲ ಅದನ್ನೇ ಹೇಳುತ್ತಿದ್ದರು. ಗೌರಿಹಬ್ಬ ಕಳೆದ ಮೇಲೆ ಕೀಳಿಸಲು ಶುರುಮಾಡಿ, ನವರಾತ್ರಿಯ ಹೊತ್ತಿಗೆ ನನ್ನ ಬಾಯಿ ಬೋಳಾಯಿತು.

ಬೇರೆ ಹೆಂಗಸಿಗಾಗಿದ್ದರೆ ಊಟದ ಕಷ್ಟ, ಮುಖದ ಅಂದ ಹೋಯಿತಲ್ಲ ಎಂಬ ಸಂಕಟ. ನನಗೆ ಹೋದದ್ದು ಕಸುಬು. ಹಲಸೂರು ಪೇಟೆಯಲ್ಲಿ ನಮ್ಮದು ಹುರುಳಿ, ಬೂಸದ ಅಂಗಡಿ. ಯುದ್ಧದ ವರ್ಷಗಳವು. ಪೆಟ್ರೋಲಿಗೆ ತತ್ವಾರ ಬಂದು ದಂಡಿನಲ್ಲೆಲ್ಲ ಜಟಕಾಗಾಡಿಗಳೇ ಓಡುತ್ತಿದ್ದವು. ಜಟಕಾ ಹೊಡೆಯುವ ಸಾಬರಲ್ಲಿ ಬಹಳ ಮಂದಿ ಕುದುರೆಗೆ ಹುರುಳಿ ಒಯ್ಯುತ್ತಿದ್ದುದು ನಮ್ಮಲ್ಲಿಂದಲೇ. ಹುರುಳಿಯಲ್ಲಿ ನೋಡಬೇಕಾದದ್ದು ಒಂದೇ, ಅದು ಪೂರ್ತಿ ಒಣಗಿದೆಯೇ ಎಂದು. ಹಸಿ ಇದ್ದರೆ ಮೂಟೆಯಲ್ಲೇ ಬೆಚ್ಚಗಾಗಿ ಬೂಷ್ಟು ಹಿಡಿಯುತ್ತದೆ. ಅದನ್ನು ತಿಂದ ಕುದುರೆಗೆ ಹೊಟ್ಟೆಶೂಲೆ ಬಂದು ನೆಲಕ್ಕೆ ಬಿದ್ದು ಒದ್ದಾಡುತ್ತದೆ.

ಹಸಿಯೋ ಒಣಗಿದೆಯೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ಮೂಗೂ ಹೇಳುವುದಿಲ್ಲ. ಹಲ್ಲು ಹೇಳುತ್ತದೆ. ಒಂದು ಕಾಳನ್ನು ದವಡೆ ಹಲ್ಲಿನ ನಡುವೆ ಇಟ್ಟು ಕಡಿಯಬೇಕು. ಒಣಗಿದ್ದರೆ ಟಕ್ಕೆಂದು ಎರಡಾಗುತ್ತದೆ. ಹಸಿ ಇದ್ದರೆ ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಇವೆರಡರ ನಡುವೆ ಇನ್ನೂ ಹಲವು ಬಗೆ ಇವೆ, ಅವನ್ನು ಹಲ್ಲಿನ ಬೇರಿಗೆ ಗೊತ್ತಾಗುವಂತೆ ಕಲಿಯಬೇಕು. ನನಗೆ ಕಲಿಸಿದವರು ನಮ್ಮ ಮಾವ. ಅವರ ದೊಡ್ಡ ಮಗ, ಅಂದರೆ ನನ್ನ ಯಜಮಾನರು, ಎಲೆಯಡಿಕೆ ಕಡ್ಡಿಪುಡಿ ಹಾಕಿ ಹಾಕಿ ಬಾಯಿ ಮರಗಟ್ಟಿಸಿಕೊಂಡಿದ್ದರು. ಮಾವ ಬೈದು ಸಾಕಾಗಿ, ಕೊನೆಗೆ ಸೊಸೆಯನ್ನೇ ಕರೆದು ತಕ್ಕಡಿಯ ಪಕ್ಕ ಕೂರಿಸಿದರು. ನಾನು ಆವತ್ತಿನಿಂದ ಒಂದು ಚೂರು ಅಡಿಕೆ ಬಾಯಿಗೆ ಹಾಕಿದವಳಲ್ಲ. ಮದುವೆ ಮನೆಯಲ್ಲಿ ಕೊಟ್ಟ ತಾಂಬೂಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೇರೆಯವರಿಗೆ ಕೊಡುತ್ತಿದ್ದೆ. ಅಷ್ಟು ಜೋಪಾನ ಮಾಡಿದ ಹಲ್ಲು ನನಗೇ ಕೈಕೊಟ್ಟಿತು, ಕಡ್ಡಿಪುಡಿ ಹಾಕುವವರು ಇವತ್ತಿಗೂ ಕಬ್ಬು ಸಿಗಿಯುತ್ತಾರೆ. ಇದಕ್ಕೆ ಏನನ್ನುತ್ತೀರಿ?

ಮಾವ ತೀರಿಕೊಂಡರು, ಆಮೇಲೆ ಯಜಮಾನರೂ ಜ್ವರದಲ್ಲಿ ಹೋದರು. ಅಂಗಡಿಯಲ್ಲಿ ಉಳಿದವರು ನಾನು ಮತ್ತು ನನ್ನ ಮೈದುನ. ಅವನು ಲೆಕ್ಕ ನೋಡಿಕೊಳ್ಳುತ್ತಿದ್ದ, ನಾನು ಗಾಡಿ ಬಂದಾಗ ಕಾಳು ನೋಡುತ್ತಿದ್ದೆ. ಗಂಡ ಸತ್ತ ಹೆಂಗಸು ಪೇಟೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾಳೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನು ಇನ್ನೂ ಸರಿಯಾಗಿ ಕೂರುತ್ತಿದ್ದೆ. ಆ ಜಾಗದಲ್ಲಿ ಕೂತಿದ್ದಾಗ ನಾನು ಯಾರ ಮನೆಯಲ್ಲೂ ಬಿಟ್ಟಿ ಅನ್ನ ತಿನ್ನುವವಳಾಗಿರಲಿಲ್ಲ.

ಕೊನೆಯ ಹಲ್ಲು ಕೀಳಿಸಿಕೊಂಡು ಬಂದ ದಿನ, ಬಾಯಿಗೆ ಹತ್ತಿ ಒತ್ತಿಕೊಂಡು ಹಜಾರದಲ್ಲಿ ಕೂತಿದ್ದೆ. ಮೈದುನ ಬಂದು ಎದುರಿಗೆ ನಿಂತ. ಅವನ ಹಿಂದೆ ಅವನ ಹೆಂಡತಿಯ ಅಣ್ಣ. ಆ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಮಹಾನುಭಾವ ಎಂದು ಕರೆಯುತ್ತಿದ್ದೆ. ಎಲ್ಲೂ ಕೆಲಸ ನಿಲ್ಲದೆ ನಮ್ಮಲ್ಲಿ ಉಂಡುಕೊಂಡಿದ್ದ.

ಮೈದುನ ಹೇಳಿದ, “ಅತ್ತಿಗೆ, ನೀವು ಇನ್ನು ಮನೇಲಿ ಆರಾಮಾಗಿರಿ. ಕಾಳು ಇವರು ನೋಡ್ತಾರೆ.”

ಮಹಾನುಭಾವ ಹಲ್ಲು ಬಿಟ್ಟುಕೊಂಡು, “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ ಅಕ್ಕೋರೆ, ಹಾಗಾಯ್ತು,” ಎಂದ.

ಅವನ ಬಾಯಿ ಎಲೆಯಡಿಕೆಯಿಂದ ಕೆಂಪಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹತ್ತಿಯನ್ನು ತೆಗೆದು ಪಕ್ಕಕ್ಕಿಟ್ಟೆ. ಮಾತು ಪೂರ್ತಿ ಹೊರಳುತ್ತಿರಲಿಲ್ಲ, ಆದರೂ ಹೇಳಿದೆ.

“ಸಂಕ್ರಾಂತಿಗೆ ಹೊಸ ಹುರುಳಿ ಬರುತ್ತೆ. ಅಲ್ಲೀವರೆಗೂ ಟೈಮ್ ಕೊಡು. ಹಲ್ಲು ಕಟ್ಟಿಸ್ಕೊಂಡು ಬರ್ತೀನಿ. ಮೊದಲನೇ ಗಾಡಿ ನಾನೇ ನೋಡ್ತೀನಿ.”

ಮೈದುನ ಕೆಟ್ಟವನಲ್ಲ. ಅಂಗಡಿ ಮುಳುಗಬಾರದು ಎಂಬ ಭಯ ಅವನಿಗೆ. ಹೇಳಿದ, “ಆಯ್ತು ಅತ್ತಿಗೆ. ಆದ್ರೆ ಆ ದಿನ ನಿಮ್ಮ ಕೈಲಾಗದಿದ್ರೆ ಬೇಜಾರು ಮಾಡ್ಕೋಬಾರದು. ಆ ಜಾಗ ಇವರಿಗೆ.”

ಹಲ್ಲು ಕಿತ್ತವರು ಶಿವಾಜಿನಗರದಲ್ಲಿ ಅಂಗಡಿ ಇಟ್ಟಿದ್ದ ಚೀನಾ ದೇಶದ ದಂತವೈದ್ಯರು. ದಂಡಿನ ಬೀದಿಗಳಲ್ಲಿ ಆಗ ಅಂಥವರು ಕೆಲವರಿದ್ದರು. ತೆಳ್ಳಗಿನ ಮನುಷ್ಯ, ನಿಧಾನದ ಮಾತು. ಈ ಊರಿಗೆ ಬಂದು ಎಷ್ಟೋ ವರ್ಷವಾಗಿ ತಮಿಳು ಚೆನ್ನಾಗಿ ಬರುತ್ತಿತ್ತು, ಅದಕ್ಕೆ ಕನ್ನಡ ಬೆರೆಸಿ ನನ್ನ ಜೊತೆ ಮಾತಾಡುತ್ತಿದ್ದರು. ಗಾಯ ಮಾಗಿದ ಮೇಲೆ ಹೋಗಿ, ಹಲ್ಲುಸೆಟ್ಟು ಮಾಡಿಕೊಡಿ, ಬೇಗ ಬೇಕು ಎಂದೆ.

ಅವರು ಮೇಣವನ್ನು ಬಿಸಿ ಮಾಡಿ ನನ್ನ ಬಾಯಿಗೆ ಒತ್ತಿ ಅಚ್ಚು ತೆಗೆದರು. ಅದರೊಳಗೆ ಬಿಳಿ ಪ್ಲಾಸ್ಟರು ಸುರಿದರು. ಗಟ್ಟಿಯಾದ ಮೇಲೆ ನನ್ನ ದವಡೆ ನನ್ನ ಕಣ್ಣೆದುರಿಗೇ ಬಂತು. ಅಲ್ಲಿಯವರೆಗೆ ನಾನು ನನ್ನ ದವಡೆಯನ್ನು ನೋಡಿರಲಿಲ್ಲ. ಕೆರೆಯ ಏರಿಯ ಹಾಗೆ ಒಂದು ದಿಬ್ಬ, ಅದರ ಮೇಲೆ ಹಲ್ಲು ಕಿತ್ತ ಗುಳಿಗಳು. ಹಿತ್ತಾಳೆಯ ಕೈವಾರ ತೆಗೆದು ದಿಬ್ಬದ ಬುಡದಿಂದ ತುದಿಯವರೆಗಿನ ಎತ್ತರವನ್ನು ಅಳೆದರು. ಆಮೇಲೆ ನನ್ನ ಮೂಗಿನ ತುದಿಗೊಂದು, ಗಲ್ಲಕ್ಕೊಂದು ಮಸಿಯ ಚುಕ್ಕೆ ಇಟ್ಟು, ಬಾಯಿ ಮುಚ್ಚಿಸಿ, ನಡುವಿನ ಅಂತರವನ್ನೂ ಅಳೆದರು. ಅಚ್ಚಿನ ಬುಡದಲ್ಲಿ ಅವರ ಭಾಷೆಯಲ್ಲೇ ಏನೋ ಬರೆದು ಕಪಾಟಿನಲ್ಲಿಟ್ಟರು.

“ಕೊಂಜಂ ಪೊರುಂಗಮ್ಮಾ,” ಎಂದರು. ಸ್ವಲ್ಪ ತಾಳಿ ಎಂದು. “ಮುಂದಿನ ತಿಂಗಳು ಬನ್ನಿ. ಇನ್ನೊಂದು ಸಲ ಅಳೀತೀನಿ.”

“ಅಳತೆ ತಗೊಂಡಾಯ್ತಲ್ಲ. ಮತ್ತೆ ಯಾಕೆ ಅಳೀಬೇಕು? ದರ್ಜಿ ರವಿಕೆಗೆ ಎರಡು ಸಲ ಅಳತೆ ತಗೋತಾನಾ?”

ಅವರು ಕೋಪ ಮಾಡಿಕೊಳ್ಳಲಿಲ್ಲ. “ರವಿಕೆ ಹಾಕೋರ ಮೈ ದಿನಾ ಕರಗ್ತಾ ಇದ್ರೆ ದರ್ಜಿ ಏನು ಮಾಡ್ಬೇಕಮ್ಮಾ? ಹಲ್ಲಿರೋವರೆಗೂ ದವಡೆ ಮೂಳೆಗೆ ಕೆಲಸ ಇರುತ್ತೆ. ಹಲ್ಲು ಹೋದ್ರೆ ಮೂಳೆಗೆ ಕೆಲಸ ಇಲ್ಲ. ಕೆಲಸ ಇಲ್ಲದ ಮೂಳೆ ಕರಗಿಹೋಗುತ್ತೆ. ಮೊದಲು ಬೇಗ ಬೇಗ, ಆಮೇಲೆ ನಿಧಾನ. ನಿಧಾನ ಆಗೋವರೆಗೂ ಕಾಯ್ಬೇಕು. ಇವತ್ತಿನ ಅಳತೆಗೆ ಸೆಟ್ಟು ಮಾಡಿದ್ರೆ ನಾಡಿದ್ದು ಅದು ಬಾಯಲ್ಲಿ ಕುಣಿಯುತ್ತೆ.”

“ಕುಣಿದ್ರೆ ಇನ್ನೊಂದು ಮಾಡಿಕೊಡಿ.”

ಅವರು ಮೇಜಿನ ಖಾನೆ ಎಳೆದು ಒಂದು ಚಿಕ್ಕ ಸುರುಳಿ ತೋರಿಸಿದರು. ಕೆಂಪು ರಬ್ಬರು. ಹಲ್ಲನ್ನು ಹಿಡಿದಿಡುವ ಒಸಡಿನ ಭಾಗವನ್ನು ಆಗ ರಬ್ಬರನ್ನು ಬೇಯಿಸಿ ಮಾಡುತ್ತಿದ್ದರು. ಮಲಯ ಜಪಾನಿನವರ ಕೈಗೆ ಹೋದ ಮೇಲೆ ರಬ್ಬರೆಲ್ಲ ಯುದ್ಧದ ಲಾರಿಗಳ ಗಾಲಿಗೆ ಹೋಗುತ್ತಿತ್ತು, ಹಲ್ಲಿನವರಿಗೆ ಯಾರು ಕೊಡುತ್ತಾರೆ? ಆ ಸುರುಳಿಯಲ್ಲಿ ಒಂದು ಬಾಯಿಗೆ ಆಗುವಷ್ಟೇ ಇತ್ತು. ಅದನ್ನು ನನಗಾಗಿ ಎತ್ತಿಡುತ್ತೇನೆ, ಆದರೆ ಒಂದೇ ಸಲ, ಯುದ್ಧ ಮುಗಿಯುವವರೆಗೆ ಇನ್ನೊಂದು ಸಿಗುವ ಭರವಸೆ ಇಲ್ಲ ಎಂದರು.

ಹಲಸೂರಿಗೆ ನಡೆದು ಬರುವಾಗ ನನ್ನ ತಲೆಯಲ್ಲಿ ಅವರ ಒಂದೇ ಮಾತು ಸುತ್ತುತ್ತಿತ್ತು. ಕೆಲಸ ಇಲ್ಲದ ಮೂಳೆ ಕರಗಿಹೋಗುತ್ತದಂತೆ. ತಕ್ಕಡಿಯ ಪಕ್ಕದಿಂದ ಎಬ್ಬಿಸಿ ಒಳಗೆ ಕಳಿಸಿದರೆ ನಾನೂ ಹಾಗೇ ಕರಗುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಓರಗಿತ್ತಿ ಒಳ್ಳೆಯವಳೇ, ಎರಡು ಹೊತ್ತು ಅನ್ನ ಹಾಕುತ್ತಾಳೆ. ಆದರೆ ಹಾಕಿಸಿಕೊಳ್ಳುವವಳು ಯಾರು? ನನಗೆ ಭಯವಾಯಿತು. ಭಯವಾದಾಗ ನಾನು ಅಳುವವಳಲ್ಲ, ಹಟ ಹಿಡಿಯುವವಳು.

ಮಾರನೇ ತಿಂಗಳು ಹೋದೆ. ಹೊಸ ಅಚ್ಚು ತೆಗೆದು ಹಳೆಯದರ ಪಕ್ಕ ಇಟ್ಟರು. ಗುಳಿಗಳು ತುಂಬಿಕೊಂಡಿದ್ದವು, ದಿಬ್ಬ ತಗ್ಗಿತ್ತು. ಬರಿಗಣ್ಣಿಗೇ ಕಾಣುತ್ತಿತ್ತು. ಕೈವಾರ ಇಟ್ಟು ಮಿಲಿಮೀಟರು ಎಂದೇನೋ ಹೇಳಿದರು. ನಮ್ಮ ಪೇಟೆಯಲ್ಲಿ ಸೇರು, ಪಾವು, ಚಟಾಕು ಗೊತ್ತು, ಮಿಲಿಮೀಟರು ಯಾರಿಗೆ ಗೊತ್ತು? ಸೆರಗಿನ ತುದಿಯಲ್ಲಿ ಯಾವಾಗಲೂ ನಾಲ್ಕು ಹುರುಳಿ ಕಾಳು ಇರುತ್ತಿದ್ದವು, ಅಂಗಡಿಯವರ ಸೆರಗು ಹಾಗೇ. ಒಂದನ್ನು ತೆಗೆದು ಕೊಟ್ಟೆ.

“ಇದರಲ್ಲಿ ಹೇಳಿ.”

ಅವರು ಮೊದಲ ಸಲ ನಕ್ಕರು. ಕಾಳನ್ನು ಮಲಗಿಸಿ ಕೈವಾರದ ಕಾಲುಗಳ ನಡುವೆ ಇಟ್ಟು ದಪ್ಪ ನೋಡಿದರು. “ಕೆಳಗಿನ ದವಡೆ ಒಂದು ಹುರುಳಿ ಹೋಗಿದೆ. ಮೇಲಿನದು ಅರ್ಧ.”

ನನಗೆ ಈಗ ಅರ್ಥವಾಯಿತು. ಒಂದು ತಿಂಗಳಲ್ಲಿ ನನ್ನ ಎಲುಬಿನಿಂದ ಒಂದು ಹುರುಳಿ ಕಾಳಿನ ದಪ್ಪ ಯಾರೋ ಸುಲಿದುಕೊಂಡು ಹೋಗಿದ್ದಾರೆ.

“ಹೀಗೇ ಹೋದ್ರೆ ದವಡೇನೇ ಇರಲ್ವಾ?”

“ಇರುತ್ತೆ. ಎರಡು ಸಲ ಅಳೆದಾಗ ಎರಡೂ ಅಳತೆ ಹೆಚ್ಚುಕಮ್ಮಿ ಒಂದೇ ಬಂದ್ರೆ, ಆವತ್ತು ರಬ್ಬರ್ ಬೇಯಿಸ್ತೀನಿ. ಸಾಧಾರಣ ಆರು ತಿಂಗಳು, ಕೆಲವರಿಗೆ ವರ್ಷ.”

ಆರು ತಿಂಗಳಾದರೆ ಯುಗಾದಿ. ನನಗೆ ಬೇಕಾಗಿದ್ದದ್ದು ಸಂಕ್ರಾಂತಿಗೆ.

ಊಟಕ್ಕೆ ನನಗೇನೂ ತೊಂದರೆಯಾಗಲಿಲ್ಲ. ಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ? ನಮ್ಮ ಕಡೆ ಹಲ್ಲಿದ್ದವರೂ ಮುದ್ದೆಯನ್ನು ಅಗಿಯುವುದಿಲ್ಲ. ಆದರೆ ಉಣ್ಣುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಕೆನ್ನೆ ಒಳಗೆ ಸೇದಿಕೊಂಡು, ಗಲ್ಲ ಮೂಗಿನ ಕಡೆಗೆ ಎದ್ದುಬಂದಿತ್ತು. ಕನ್ನಡಿಯಲ್ಲಿ ನಮ್ಮಜ್ಜಿ ಕಾಣುತ್ತಿದ್ದಳು. ಬೀದಿಗೆ ಹೊರಟರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ. ಯಾರ ಎದುರಿಗೂ ಬೋಳು ಬಾಯಿ ತೆರೆಯಬಾರದು ಎಂದು ನಿಶ್ಚಯಿಸಿದ್ದೆ. ಪಕ್ಕದ ಮನೆಯಾಕೆ, ಎಳ್ಳು ತಿನ್ನು, ಮೂಳೆ ಬೆಳೆಯುತ್ತೆ ಎಂದಳು. ತಿಂದೆ, ಅದೂ ಕುಟ್ಟಿಸಿಕೊಂಡು. ಕಾಲಿನ ಸೂಪು ಒಳ್ಳೆಯದು ಎಂದರು, ಕುಡಿದೆ. ದಿನವೂ ಹಿತ್ತಲಲ್ಲಿ ನಿಂತು ಹೆಬ್ಬೆರಳಿನಿಂದ ಒಸಡನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಎಲ್ಲಿಗೆ ಹೋಗ್ತೀಯ, ನಿಲ್ಲು ಎಂದು ಮೂಳೆಗೇ ಗದರಿದ್ದುಂಟು. ಅದು ನನ್ನ ಮಾತು ಕೇಳಲಿಲ್ಲ.

ಅಷ್ಟರಲ್ಲಿ ಅಂಗಡಿಯಲ್ಲಿ ಮಹಾನುಭಾವ ತನ್ನ ಕೈಚಳಕ ತೋರಿಸಿದ. ಹಳೆಯ ಹುರುಳಿಯ ಒಂದು ಗಾಡಿ ಬಂದಿತ್ತಂತೆ. ಕಡಿದು ನೋಡಿ, ಕಲ್ಲಿದ್ದ ಹಾಗಿದೆ ಎಂದು ಇಳಿಸಿಕೊಂಡ. ಎಂಟು ದಿನದೊಳಗೆ, ನಮ್ಮಲ್ಲಿ ಮಾವನ ಕಾಲದಿಂದ ಹುರುಳಿ ಒಯ್ಯುತ್ತಿದ್ದ ಒಬ್ಬ ಮುದುಕ ಸಾಬರು ನೇರ ಮನೆಯ ಬಾಗಿಲಿಗೆ ಬಂದರು. ಅಂಗಡಿಗೆ ಹೋಗದೆ ನನ್ನ ಹತ್ತಿರ ಬಂದಿದ್ದರು.

“ಅಮ್ಮಾ, ಘೋಡಾ ನಿನ್ನೆಯಿಂದ ಮಲಗಿದೆ. ಹೊಟ್ಟೆ ನೋಡಿದ್ರೆ ತಮಟೆ ಥರ ಆಗಿದೆ. ನೀವು ಕೂತಿದ್ದಾಗ ಹೀಂಗೆ ಯಾವತ್ತೂ ಆಗಿಲ್ಲ. ಅದು ಸತ್ರೆ ನಾನೂ ಸತ್ತಂಗೇ ಅಮ್ಮಾ.”

ಕುದುರೆ ಸಾಯಲಿಲ್ಲ. ಆದರೆ ಅವರು ಬೇರೆ ಅಂಗಡಿಗೆ ಹೋದರು, ಅವರ ಹಿಂದೆ ಇನ್ನೂ ನಾಲ್ಕು ಜನ ಹೋದರು. ಮೈದುನನ ಮುಖ ಸಣ್ಣಗಾಯಿತು. ಮಹಾನುಭಾವ ಮಾತ್ರ, ಕುದುರೆಗೆ ದೃಷ್ಟಿಯಾಗಿರಬೇಕು ಎಂದ. ಆವತ್ತು ಮಧ್ಯಾಹ್ನವೇ ನಾನು ಶಿವಾಜಿನಗರಕ್ಕೆ ಹೊರಟೆ.

“ಈಗಲೇ ಮಾಡಿಕೊಡಿ,” ಎಂದೆ.

ಅವರು ಹೊಸ ಅಚ್ಚು ತೆಗೆದು ಅಳೆದರು. ಮತ್ತೆ ಮುಕ್ಕಾಲು ಹುರುಳಿ ಹೋಗಿತ್ತು. “ನಿಂತಿಲ್ಲಮ್ಮಾ. ಇನ್ನೂ ಬೇಗ ಬೇಗ ಕರಗ್ತಿದೆ. ಈಗ ರಬ್ಬರ್ ಹಾಕಿದ್ರೆ ವ್ಯರ್ಥ.”

“ಸಂಕ್ರಾಂತಿ ದಾಟಿದ ಮೇಲೆ ಚಿನ್ನದ ಹಲ್ಲು ಕಟ್ಟಿದ್ರೂ ನನಗೆ ವ್ಯರ್ಥ. ಮೊದಲನೇ ಗಾಡಿ ಬಂದ ದಿನ ನನ್ನ ಬಾಯಲ್ಲಿ ಹಲ್ಲಿರ್ಬೇಕು. ಆಮೇಲೆ ಮೂಳೆ ಇರ್ಲಿ, ಹೋಗ್ಲಿ.”

ಅವರು ಬಹಳ ಹೊತ್ತು ಆ ಅಚ್ಚುಗಳನ್ನೇ ನೋಡುತ್ತಿದ್ದರು. ಮೂರು ಅಚ್ಚು ಸಾಲಾಗಿದ್ದವು, ಒಂದಕ್ಕಿಂತ ಒಂದು ಗಿಡ್ಡ. ಆಮೇಲೆ ಖಾನೆ ಎಳೆದು ರಬ್ಬರಿನ ಸುರುಳಿಯನ್ನು ತೆಗೆದರು.

ಹಲ್ಲು ಬಂತು. ಪಿಂಗಾಣಿಯ ಹಲ್ಲು, ಇಟ್ಟಿಗೆ ಬಣ್ಣದ ಒಸಡು. ಬಾಯಿಗೆ ಇಟ್ಟುಕೊಂಡ ದಿನ ಕನ್ನಡಿಯಲ್ಲಿ ಅಜ್ಜಿ ಹೋಗಿ ನಾನು ವಾಪಸು ಬಂದೆ. ಸಂತೋಷಕ್ಕೆ ಓರಗಿತ್ತಿಯ ಎದುರಿಗೆ ಒಂದು ಚಕ್ಕುಲಿ ಮುರಿದು ತಿಂದೆ. ಅವಳೂ ಬಾಯ್ತುಂಬ ನಕ್ಕಳು. ಮೊದಲ ಕೆಲವು ವಾರ ಎಲ್ಲ ಸರಿಯಿತ್ತು. ಮನೆಯಲ್ಲಿ ಹುರುಳಿ ಕಡಿದು ಅಭ್ಯಾಸ ಮಾಡುತ್ತಿದ್ದೆ. ಟಕ್ ಎನ್ನುವ ಸದ್ದು ಬರುತ್ತಿತ್ತು, ಆದರೆ ಹಳೆಯ ಹಲ್ಲಿನ ಬೇರಿಗೆ ಗೊತ್ತಾಗುತ್ತಿದ್ದ ಆ ಸಣ್ಣ ಸಣ್ಣ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ರೂಢಿಯಾದರೆ ಬರುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಧನುರ್ಮಾಸದ ಹೊತ್ತಿಗೆ ಕೆಳಗಿನ ಸೆಟ್ಟು ಸಡಿಲವಾಯಿತು. ಮಾತಾಡಿದರೆ ಮೇಲೇಳುತ್ತಿತ್ತು, ಕೆಮ್ಮಿದರೆ ಜಾರುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನಗೆ ನಾನೇ ಬೈದುಕೊಂಡೆ, ಆದರೆ ಬೈದುಕೊಂಡರೆ ಸೆಟ್ಟು ಕೂರುತ್ತದೆಯೇ? ಮೆಂತ್ಯ ನೆನೆಸಿ ರುಬ್ಬಿ, ಆ ಲೋಳೆಯನ್ನು ಸೆಟ್ಟಿನ ಒಳಗೆ ಬಳಿದು ನೋಡಿದೆ. ಗಳಿಗೆ ಹೊತ್ತು ಅಂಟಿಕೊಂಡಿತು, ಬಾಯೆಲ್ಲ ಕಹಿಯಾಯಿತು. ಹಳೆಯ ಪಂಚೆಯ ಚೂರು ಮಡಿಸಿ ಇಟ್ಟೆ, ಅದು ಒಸಡನ್ನು ಉಜ್ಜಿ ಹುಣ್ಣು ಮಾಡಿತು. ಹುಣ್ಣಿನ ಮೇಲೇ ಇಟ್ಟುಕೊಂಡು ಓಡಾಡಿದೆ. ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ವಾರವೇ ಹೊಸ ಹುರುಳಿ ಬಂತು. ಹೊಸಕೋಟೆಯ ಆಚೆಯ ಒಬ್ಬ ಗೌಡರು, ಮಾವನ ಕಾಲದಿಂದ ನಮಗೆ ಕಾಳು ಕೊಡುತ್ತಿದ್ದವರು, ಕೃಷ್ಣರಾಜಪುರದ ಮೇಲೆ ಎರಡು ಗಾಡಿ ಮುಂದಾಗಿ ಕಳಿಸಿ, ತಾವು ಆವತ್ತು ಹಿಂದಿನಿಂದ ಬಂದಿದ್ದರು. ಅಂಗಡಿಯ ಮುಂದೆ ಜನ ಸೇರಿತ್ತು. ಬಿಟ್ಟುಹೋಗಿದ್ದ ಜಟಕಾ ಸಾಬರುಗಳೂ ಬಂದು ನಿಂತಿದ್ದರು, ಆ ಮುದುಕ ಸಾಬರೂ ಇದ್ದರು. ಈ ಸಲ ಯಾರು ಕಾಳು ನೋಡುತ್ತಾರೆ ಎಂದು ನೋಡಿಕೊಂಡು ಹೋಗಲು ಬಂದವರು. ನಾನು ಹೋಗುವಷ್ಟರಲ್ಲಿ ಮಹಾನುಭಾವ ಮುಂದಿನ ಮೂಟೆಯಿಂದ ನಾಲ್ಕು ಕಾಳು ಬಾಯಿಗೆ ಹಾಕಿ, ಎಲೆಯಡಿಕೆಯ ಜೊತೆ ಅದನ್ನೂ ಅಗಿದು, “ಒಣಗಿದೆ, ಇಳಿಸಿ,” ಎಂದು ಹೇಳಿಯಾಗಿತ್ತು.

“ನಿಲ್ಲಿ,” ಎಂದ ಮೈದುನ. “ಅತ್ತಿಗೆ ನೋಡ್ಲಿ. ಮಾತು ಕೊಟ್ಟಿದೀನಿ.”

ಮೂಟೆಯ ಬಾಯಿಂದ ಒಂದು ಕಾಳು ತೆಗೆದು ದವಡೆಗೆ ಇಟ್ಟು ಕಡಿದೆ. ಕೆಳಗಿನ ಸೆಟ್ಟು ಒಂದು ಕಡೆ ಎದ್ದು ಹುಣ್ಣಿಗೆ ಒತ್ತಿತು. ಕಣ್ಣಲ್ಲಿ ನೀರು ಬಂತು. ಕಾಳು ಜಾರಿತು. ಇನ್ನೊಂದು ತೆಗೆದುಕೊಂಡೆ. ಈ ಸಲ ಸೆಟ್ಟು ಒಸಡಿನೊಳಕ್ಕೆ ಹೂತುಕೊಂಡಿತು, ಕಾಳು ಒಡೆಯಲಿಲ್ಲ. ಕಾಳು ಮೆತ್ತಗಿದೆಯೋ, ನನ್ನ ಒಸಡು ಮೆತ್ತಗಿದೆಯೋ? ದೇವರಾಣೆ, ನನಗೆ ಗೊತ್ತಾಗಲಿಲ್ಲ. ಹಸಿ ಎಂದರೆ ಒಳ್ಳೆಯ ಮಾಲು ವಾಪಸು ಹೋಗಬಹುದು, ಗೌಡರಿಗೆ ಅವಮಾನ. ಒಣಗಿದೆ ಎಂದರೆ ಮತ್ತೆ ಯಾರದೋ ಕುದುರೆ ಮಲಗಬಹುದು. ಮೂರನೆಯದನ್ನು ಹಾಕಿಕೊಂಡೆ. ಅದೂ ಹಾಗೇ ಆಯಿತು.

“ಅಕ್ಕೋರ ಬಾಯಲ್ಲಿ ಹಲ್ಲು ಭರತನಾಟ್ಯ ಮಾಡ್ತಿದೆ,” ಎಂದ ಮಹಾನುಭಾವ. ಯಾರೋ ಇಬ್ಬರು ನಕ್ಕರು.

ಮೈದುನ ಕಣ್ಣು ಕೆಳಗೆ ಮಾಡಿ ಹತ್ತಿರ ಬಂದ. “ಸಾಕು ಬಿಡಿ ಅತ್ತಿಗೆ. ಒಳಗೆ ಹೋಗಿ.”

ಆಗ ನನಗೆ ಬಂದ ಸಿಟ್ಟು ಮಹಾನುಭಾವನ ಮೇಲಲ್ಲ, ಮೈದುನನ ಮೇಲೂ ಅಲ್ಲ. ಆ ಹಲ್ಲಿನ ಮೇಲೆ. ಇದಕ್ಕಾಗಿ ನಾಲ್ಕು ತಿಂಗಳು ಶಿವಾಜಿನಗರಕ್ಕೆ ತಿರುಗಿದೆ, ಇದಕ್ಕಾಗಿ ಹುಣ್ಣು ಹೊತ್ತುಕೊಂಡು ಓಡಾಡಿದೆ. ಇಷ್ಟು ಜನರ ಮುಂದೆ ಇದು ನನ್ನನ್ನು ಒಳಗೆ ಕಳಿಸುತ್ತಿದೆ. ಬಾಯಿಗೆ ಕೈ ಹಾಕಿ ಮೇಲಿನದು ಕೆಳಗಿನದು ಎರಡನ್ನೂ ಕಿತ್ತು ತೆಗೆದೆ. ಬೀದಿಗೆ ಎಸೆದುಬಿಡಬೇಕು ಎಂದೇ ತೆಗೆದದ್ದು. ಕೈಯೆತ್ತಿ, ಮುಷ್ಟಿ ಬಿಗಿಮಾಡಿದೆ.

ಟಕ್ ಎಂದಿತು.

ಸೆಟ್ಟಿನ ದವಡೆ ಹಲ್ಲುಗಳ ನಡುವೆ ಆ ಮೂರನೆಯ ಕಾಳು ಸಿಕ್ಕಿಕೊಂಡಿತ್ತು. ಅದು ನನ್ನ ಮುಷ್ಟಿಯೊಳಗೆ ಒಡೆಯಿತು. ಒಡೆದದ್ದು ಕಿವಿಗೆ ಕೇಳಿಸಿತು, ಅದಕ್ಕಿಂತ ಹೆಚ್ಚಾಗಿ ಅಂಗೈಗೆ ಗೊತ್ತಾಯಿತು. ಕಾಳು ಸಲೀಸಾಗಿ ಸೀಳಿತೇ, ಎಳೆದುಕೊಂಡು ಸೀಳಿತೇ ಎಂಬುದು ಕೂಡ ಗೊತ್ತಾಯಿತು. ಹಿಂದೆ ಹಲ್ಲಿನ ಬೇರಿಗೆ ಗೊತ್ತಾಗುತ್ತಿದ್ದ ಅದೇ ತಿಳಿವು. ದವಡೆಯಲ್ಲಿ ಸತ್ತಿದ್ದದ್ದು ಕೈಯಲ್ಲಿ ಬದುಕಿತ್ತು.

ನಾನು ಕೈ ಇಳಿಸಿದೆ. ಇನ್ನೊಂದು ಕಾಳು ತೆಗೆದು ಎರಡು ಸೆಟ್ಟುಗಳ ನಡುವೆ ಇಟ್ಟು, ಕಿವಿಯ ಹತ್ತಿರ ಹಿಡಿದು ಅದುಮಿದೆ. ಟಕ್. ಒಣಗಿದ ಕಾಳು. ಬೋಳು ಬಾಯಿ ಎಲ್ಲರಿಗೂ ಕಾಣುತ್ತಿತ್ತು, ಸೆರಗು ಹೆಗಲ ಮೇಲೇ ಇತ್ತು, ನನಗೆ ಅದರ ಪರಿವೆಯೇ ಇರಲಿಲ್ಲ. ಮೊದಲ ಗಾಡಿಯ ಮೂಟೆಗಳಿಗೆ ಒಂದೊಂದಾಗಿ ಕೈ ಹಾಕಿದೆ. ಮೇಲಿಂದ ತೆಗೆದದ್ದು, ತೋಳು ಮುಳುಗಿಸಿ ಕೆಳಗಿಂದ ತೆಗೆದದ್ದು, ಎಲ್ಲವೂ ಒಂದೇ ಸದ್ದು. ಎರಡನೆಯ ಗಾಡಿ ಹತ್ತಿದೆ. ಮೇಲಿನ ಸಾಲಿನ ಮೂಟೆಗಳು ಸರಿಯಾಗಿದ್ದವು. ಕೆಳಗಿನ ಸಾಲಿನ ಒಂದು ಮೂಟೆಯ ಮೂಲೆಯಲ್ಲಿ ಬೆರಳಷ್ಟು ಹೊಲಿಗೆ ಬಿಚ್ಚಿಸಿ ಕಾಳು ತೆಗೆಸಿದೆ. ಅದುಮಿದೆ. ಸದ್ದಿಲ್ಲ. ಇನ್ನೊಂದು. ಅದಕ್ಕೂ ಸದ್ದಿಲ್ಲ. ಮುಷ್ಟಿ ಬಿಚ್ಚಿ ನೋಡಿದರೆ ಕಾಳು ಚಪ್ಪಟೆಯಾಗಿ ಹಲ್ಲಿಗೆ ಅಂಟಿತ್ತು.

“ಮೊದಲನೇ ಗಾಡಿ ಪೂರ್ತಿ ಇಳಿಸ್ಕೊಳ್ಳಿ,” ಎಂದೆ. ಹಲ್ಲಿಲ್ಲದ ಬಾಯಿಂದ ಬಂದ ಮಾತು ಹೇಗಿತ್ತೋ, ಎಲ್ಲರಿಗೂ ಅರ್ಥವಾಯಿತು. “ಇದರಲ್ಲಿ ಮೇಲಿನ ಸಾಲು ಇಳಿಸಿ. ಕೆಳಗಿನ ಸಾಲು ಹಸಿ ಇದೆ. ಮುಟ್ಟಬೇಡಿ.”

ಗೌಡರ ಮುಖ ಕೆಂಪಾಯಿತು. “ಏನಮ್ಮಾ, ನಾನು ಹಸಿ ಕಾಳು ತರೋನಾ? ನಿಮ್ಮ ಮಾವನ ಕಾಲದಿಂದ ಕೊಡ್ತಿದೀನಿ.”

“ನೀವು ತಂದಿದ್ದು ಒಣಗಿದ್ದೇ ಗೌಡರೇ. ದಾರೀಲಿ ಏನೋ ಆಗಿದೆ. ಮೂಟೆ ಬಿಚ್ಚಿಸಿ, ನೀವೇ ನೋಡಿ.”

ಬಿಚ್ಚಿದರು. ತಳದ ಕಾಳು ಕೈಗೆ ಬೆಚ್ಚಗಿತ್ತು, ಅಲ್ಲಲ್ಲಿ ಹೆಪ್ಪುಗಟ್ಟಿ ಬಿಳಿ ಬೂಷ್ಟು ಬಂದಿತ್ತು. ಗಾಡಿ ಹೊಡೆಯುವವನು ತಲೆ ಕೆರೆದುಕೊಂಡ. ಕೃಷ್ಣರಾಜಪುರದ ಹತ್ತಿರ ಕಾಲುವೆ ದಾಟುವಾಗ ಗಾ‌ಲಿ ಹೂತು ನೀರು ಹಲಗೆಯ ಮೇಲೆ ಬಂದಿತ್ತಂತೆ, ಎರಡು ದಿನ ಗಾಡಿ ಹಾಗೇ ನಿಂತಿತ್ತಂತೆ, ಗೌಡರಿಗೆ ಹೇಳಲು ಹೆದರಿದ್ದನಂತೆ. ಗೌಡರು ಅವನನ್ನು ಬೈದು, ನನ್ನ ಕಡೆ ತಿರುಗಿ, “ವಾಪಸ್ ತಗೊಂಡ್ಹೋಗಿ ಬಿಸಿಲಿಗೆ ಹಾಕಿಸ್ತೀನಮ್ಮಾ,” ಎಂದರು.

ಮುದುಕ ಸಾಬರು ಮುಂದೆ ಬಂದು ಮೊದಲ ಗಾಡಿಯ ಮೂಟೆಯ ಮೇಲೆ ಕೈಯಿಟ್ಟರು. “ಇದು ನನಗೆ ತೂಗಿ,” ಎಂದರು. ಅಷ್ಟೇ. ಉಳಿದ ಸಾಬರುಗಳೂ ಅವರ ಹಿಂದೆ ನಿಂತರು. ಮಹಾನುಭಾವ ಎಲೆಯಡಿಕೆ ಉಗಿಯಲು ಚರಂಡಿಯ ಕಡೆ ಹೋದವನು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ನಾನು ಹಲ್ಲನ್ನು ಸೆರಗಿನಿಂದ ಒರೆಸಿ ತಕ್ಕಡಿಯ ಪಕ್ಕ ಇಟ್ಟು, ನನ್ನ ಜಾಗದಲ್ಲಿ ಕೂತೆ. ಅಳುವವಳಲ್ಲ ಎಂದು ಮೊದಲೇ ಹೇಳಿದ್ದೇನೆ, ಆದರೆ ಆವತ್ತು ಅತ್ತೆ. ಮೈದುನ ನೋಡಿಯೂ ನೋಡದವನ ಹಾಗೆ ಒಂದು ಲೋಟ ನೀರು ತಂದು ಇಟ್ಟ.

ಯುಗಾದಿಯ ಆಚೆ ಒಂದು ದಿನ ಶಿವಾಜಿನಗರಕ್ಕೆ ಹೋದೆ. ಸೆಟ್ಟಿನ ಅಂಚು ಒಂದು ಕಡೆ ಚುಚ್ಚುತ್ತಿತ್ತು, ಉಜ್ಜಿಸಿಕೊಳ್ಳಬೇಕಾಗಿತ್ತು. ವೈದ್ಯರು ಉಜ್ಜಿಕೊಟ್ಟರು. ಪಿಂಗಾಣಿ ಹಲ್ಲಿನ ಮೇಲಿನ ಗೀರುಗಳನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಏನು ತಿಂತೀರಮ್ಮಾ ಎಂದು ಕೇಳಿದರು. ನಾನು ಕೈಯಲ್ಲಿ ಹಿಡಿದು ಮಾಡಿ ತೋರಿಸಿದೆ. ಆ ಮನುಷ್ಯ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ತಮ್ಮ ಕೆಲಸ ಮರೆಯಲಿಲ್ಲ. ಮೇಣ ಬಿಸಿ ಮಾಡತೊಡಗಿದರು.

“ಈ ಸಲ ಅಳತೆ ನಿಂತಿರಬಹುದು. ಯುದ್ಧ ಮುಗಿದ ಮೇಲೆ ರಬ್ಬರ್ ಬರುತ್ತೆ. ಆಗ ಸರಿಯಾಗಿ ಕೂರೋ ಸೆಟ್ಟು ಮಾಡಿಕೊಡ್ತೀನಿ. ಅದಕ್ಕೆ ಇವತ್ತಿನ ಅಳತೆ ಬೇಕು.”

ಮೇಣ ಬಾಯೊಳಗೆ ಹೋಗಿತ್ತು. ಗಟ್ಟಿಯಾಗಲು ಕಾಯುತ್ತಿದ್ದೆವು, ಅಷ್ಟರಲ್ಲಿ ಬಾಗಿಲಲ್ಲಿ ಜಟಕಾ ನಿಂತ ಸದ್ದಾಯಿತು. ಮೈದುನ ಒಳಗೆ ಬಂದ, ಮುಖವೆಲ್ಲ ಬೆವರು.

“ಅತ್ತಿಗೆ, ಕೋಲಾರದ ಕಡೆಯಿಂದ ಮೂರು ಗಾಡಿ ಬಂದಿದೆ. ನೀವು ಬರೋವರೆಗೂ ಒಂದು ಮೂಟೇನೂ ಇಳಿಸ್ಬೇಡಿ ಅಂತ ಹೇಳಿ ಬಂದಿದೀನಿ. ಎಲ್ಲಾ ಕಾಯ್ತಿದಾರೆ.”

ವೈದ್ಯರು ಇನ್ನು ಸ್ವಲ್ಪ ತಾಳಿ ಎಂಬಂತೆ ಕೈ ಅಡ್ಡ ಹಿಡಿದರು. ನಾನು ಬಾಯಿಂದ ಮೇಣ ತೆಗೆದು ಅವರ ಕೈಗಿಟ್ಟು, ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಜಟಕಾ ಹತ್ತಿದೆ.